ಅನ್‌ಲಿಮಿಟೆಡ್ ಪ್ಯಾಕ್ ಹಾಕಿಸಿದ ಮೇಲೂ ದೂರು ಹೇಳಲು ದುಡ್ಡು ಕೊಡಬೇಕೇ? ಶಿಡ್ಲಘಟ್ಟದಿಂದ ಟ್ರಾಯ್ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್),
ನವದೆಹಲಿ.

ವಿಷಯ: 1860ರಿಂದ ಶುರುವಾಗುವ ಕಸ್ಟಮರ್ ಕೇರ್ ನಂಬರುಗಳಿಗೆ ಮಾಡುವ ಕರೆಗೆ ಬೇರೆ ದುಡ್ಡು ಕತ್ತರಿಸುವುದನ್ನು ನಿಲ್ಲಿಸುವ ಬಗ್ಗೆ.

ಮಾನ್ಯರೇ,

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ಮೊಬೈಲ್ ರೀಚಾರ್ಜ್ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ನಮ್ಮದು ರೇಷ್ಮೆ ಊರು. ಗೂಡು ತರುವ ರೈತರು, ಗೂಡು ಕೊಳ್ಳುವ ರೀಲರ್‌ಗಳು, ಫಿಲೇಚರ್‌ಗಳಲ್ಲಿ ಬಿಸಿನೀರಿಗೆ ಕೈ ಹಾಕಿ ನೂಲು ತೆಗೆಯುವ ಹೆಂಗಸರು, ಇವರೇ ನನ್ನ ಗಿರಾಕಿಗಳು. ಕೆಲವರ ಹತ್ತಿರ ದೊಡ್ಡ ಫೋನ್ ಇದೆ. ಜಾಸ್ತಿ ಜನರ ಹತ್ತಿರ ಈಗಲೂ ಕೀಪ್ಯಾಡ್ ಫೋನ್. ಹಾಗಾಗಿ ಫೋನಿನಲ್ಲಿ ಏನೇ ತೊಂದರೆಯಾದರೂ ಮೊದಲು ಬರುವುದು ನನ್ನ ಅಂಗಡಿಗೆ.

ಹಾಗೆ ಬರುವ ದೂರುಗಳಲ್ಲಿ ಒಂದು ವರ್ಷಗಳಿಂದಲೂ ಹಾಗೇ ಇದೆ. "ಅಣ್ಣಾ, ಹೋದ ವಾರ ತಾನೇ ಅನ್‌ಲಿಮಿಟೆಡ್ ಹಾಕಿಸಿದ್ದೀನಿ. ಎಲ್ಲರಿಗೂ ಕಾಲ್ ಹೋಗ್ತೈತೆ. ಬ್ಯಾಂಕಿನವರಿಗೆ ಮಾಡಿದ್ರೆ ಮಾತ್ರ ಬ್ಯಾಲೆನ್ಸ್ ಇಲ್ಲ ಅಂತೈತೆ." ಫೋನ್ ಇಸ್ಕೊಂಡು ನೋಡಿದರೆ ಅವರು ಒತ್ತಿದ ನಂಬರ್ 1860ರಿಂದ ಶುರುವಾಗಿರುತ್ತದೆ. ಆ ನಂಬರನ್ನು ಅವರು ಎಲ್ಲಿಂದಲೋ ತಂದಿರುವುದಿಲ್ಲ. ಎಟಿಎಂ ಕಾರ್ಡಿನ ಹಿಂದೆಯೋ, ಸಾಲದ ಪಾಸ್‌ಬುಕ್ಕಿನ ಮೇಲೋ, ಇನ್ಶೂರೆನ್ಸ್ ಕಾಗದದ ಕೆಳಗೋ ಕಂಪನಿಯವರೇ ಅಚ್ಚು ಹಾಕಿಸಿರುತ್ತಾರೆ.

ಈ ಪತ್ರ ಆ ನಂಬರಿನ ಬಗ್ಗೆ. ನೀವು ಒಬ್ಬೊಬ್ಬ ಗ್ರಾಹಕರ ದೂರನ್ನು ತೆಗೆದುಕೊಳ್ಳುವುದಿಲ್ಲ ಎಂದು ನನಗೆ ಗೊತ್ತು. ನಾನು ಹೇಳಲು ಹೊರಟಿರುವುದು ಒಬ್ಬರ ದೂರೂ ಅಲ್ಲ. ಇದು ನಿಯಮದಲ್ಲಿ ಉಳಿದಿರುವ ತೂತು. ಅದನ್ನು ಮುಚ್ಚುವ ಅಧಿಕಾರದ ದೊಡ್ಡ ಪಾಲು ನಿಮ್ಮ ಕೈಯಲ್ಲಿದೆ.

ಓದುವ ಜನರಿಗೂ ಗೊತ್ತಾಗಲಿ ಎಂದು ಮೊದಲು ವಿಷಯ ಬಿಡಿಸಿ ಹೇಳುತ್ತೇನೆ. 1800ರಿಂದ ಶುರುವಾಗುವ ನಂಬರ್ ಟೋಲ್ ಫ್ರೀ. ಕರೆಯ ಖರ್ಚು ಪೂರ್ತಿ ಆ ಕಂಪನಿಯದು, ನಮ್ಮ ಫೋನಿನಿಂದ ಪೈಸೆಯೂ ಹೋಗುವುದಿಲ್ಲ. 1860 ಹಾಗಲ್ಲ. ಅದರ ಖರ್ಚು ಕರೆ ಮಾಡಿದವರ ಮೇಲೆ ಬೀಳುತ್ತದೆ. ಮೊದಲು ಇದರಲ್ಲಿ ದೊಡ್ಡ ತಪ್ಪೇನೂ ಕಾಣುತ್ತಿರಲಿಲ್ಲ. ಆಗ ಎಲ್ಲ ಕರೆಗೂ ನಿಮಿಷದ ಲೆಕ್ಕ, ಸೆಕೆಂಡಿನ ಲೆಕ್ಕ ಇತ್ತು. ಯಾವ ಊರಿನಿಂದ ಮಾಡಿದರೂ ಲೋಕಲ್ ದರದಲ್ಲಿ ಮಾತಾಡಬಹುದು ಎನ್ನುವುದು ಅನುಕೂಲವೇ ಆಗಿತ್ತು. ಆಮೇಲೆ ಅನ್‌ಲಿಮಿಟೆಡ್ ಪ್ಯಾಕ್‌ಗಳು ಬಂದವು. ದೇಶದ ಯಾವ ಮೂಲೆಯ ಮೊಬೈಲಿಗೆ ಮಾಡಿ, ಯಾವ ಲ್ಯಾಂಡ್‌ಲೈನಿಗೆ ಮಾಡಿ, ಎಲ್ಲ ಪ್ಯಾಕಿನಲ್ಲೇ ಸೇರಿತು. 1860 ಮಾತ್ರ ಹೊರಗೆ ಉಳಿಯಿತು. ನಾನು ಮಾರುವ ಅನ್‌ಲಿಮಿಟೆಡ್ ಪ್ಯಾಕ್‌ಗಳಲ್ಲಿ ಈ ನಂಬರುಗಳು ಸೇರಿಲ್ಲ. ಅದಕ್ಕೆ ಪ್ಯಾಕಿನ ಜೊತೆಗೆ ಬೇರೆ ಬ್ಯಾಲೆನ್ಸ್ ಇರಬೇಕು.

ಇಲ್ಲಿ ಅಂಗಡಿಯವನಾಗಿ ಒಂದು ಲೆಕ್ಕ ಹೇಳಬೇಕು. ಪ್ಯಾಕ್ ಇದ್ದವರ ಮೇನ್ ಬ್ಯಾಲೆನ್ಸ್ ಸಾಮಾನ್ಯವಾಗಿ ಸೊನ್ನೆಯೇ. ಯಾಕೆ ಹಾಕಿಸಬೇಕು, ಎಲ್ಲ ಪ್ಯಾಕಿನಲ್ಲೇ ಇದೆಯಲ್ಲ ಎಂದುಕೊಂಡಿರುತ್ತಾರೆ. ಅಂಥವರು ಈ ಒಂದು ಕರೆಗೋಸ್ಕರ 10 ರೂಪಾಯಿ ಟಾಪ್-ಅಪ್ ಹಾಕಿಸಿದರೆ ಅವರಿಗೆ ಸಿಗುವ ಟಾಕ್‌ಟೈಮ್ 7 ರೂಪಾಯಿ 47 ಪೈಸೆ. ಉಳಿದದ್ದು ಜಿಎಸ್‌ಟಿ ಮತ್ತು ಕಂಪನಿಯ ಪ್ರೊಸೆಸಿಂಗ್ ಶುಲ್ಕ. ಅಂದರೆ ಕರೆ ಹೋಗುವ ಮೊದಲೇ ಕಾಲು ಭಾಗ ಹೋಯಿತು. ಉಳಿದ ಏಳೂವರೆ ರೂಪಾಯಿ ಕಸ್ಟಮರ್ ಕೇರ್ ಲೈನಿನಲ್ಲಿ ಎಷ್ಟು ಹೊತ್ತು ಬರುತ್ತದೆ?

ನನ್ನ ಕೌಂಟರಿನ ಮೇಲೆ ಫೋನ್ ಇಟ್ಟು, ಸ್ಪೀಕರ್ ಹಾಕಿ ನಾನೇ ಕೇಳಿಸಿಕೊಂಡಿರುವುದನ್ನು ಹೇಳುತ್ತೇನೆ. ಮೊದಲು ಸಂಗೀತ. ಆಮೇಲೆ ಕಂಪನಿಗೆ ಸ್ವಾಗತ. ಆಮೇಲೆ ಭಾಷೆಯ ಪಟ್ಟಿ: ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ. ಕನ್ನಡ ಬರುವ ಹೊತ್ತಿಗೆ ಇನ್ನೂ ಮೂರು ನಾಲ್ಕು ಭಾಷೆ ಕೇಳಿರುತ್ತೇವೆ. ಕನ್ನಡ ಒತ್ತಿದ ಮೇಲೆ, ನಿಮ್ಮ ಕರೆಯನ್ನು ತರಬೇತಿಗಾಗಿ ರೆಕಾರ್ಡ್ ಮಾಡಲಾಗುತ್ತದೆ ಎನ್ನುವ ಸೂಚನೆ. ಆಮೇಲೆ ಹೊಸ ಸಾಲದ ಜಾಹೀರಾತು. ಹೌದು, ದೂರು ಹೇಳಲು ಕಾಯುತ್ತಿರುವವರಿಗೆ, ಅವರದೇ ದುಡ್ಡಿನಲ್ಲಿ ಜಾಹೀರಾತು ಕೇಳಿಸುತ್ತಾರೆ. ಅದಾದ ಮೇಲೆ ಕಾರ್ಡಿನ ಹದಿನಾರು ಅಂಕಿ ಒತ್ತಬೇಕು. ಕೀಪ್ಯಾಡ್ ಫೋನಿನಲ್ಲಿ, ಕಣ್ಣು ಸರಿಯಾಗಿ ಕಾಣದವರು, ಕಾರ್ಡು ನೋಡಿಕೊಂಡು ಒಂದೊಂದೇ ಅಂಕಿ ಒತ್ತುತ್ತಾರೆ. ಅಷ್ಟರಲ್ಲಿ ಸಮಯ ಮೀರಿತು ಎನ್ನುತ್ತದೆ. ಮತ್ತೆ ಮೊದಲಿನಿಂದ. ಕೊನೆಗೆ, ನಮ್ಮ ಎಲ್ಲ ಪ್ರತಿನಿಧಿಗಳು ಬೇರೆ ಗ್ರಾಹಕರೊಂದಿಗೆ ಮಾತಾಡುತ್ತಿದ್ದಾರೆ, ದಯವಿಟ್ಟು ಕಾಯಿರಿ. ಮತ್ತೆ ಸಂಗೀತ. ಟಾಪ್-ಅಪ್ ಅಲ್ಲಿಗೆ ಮುಗಿದು ಕರೆ ಕಟ್ಟಾಗುತ್ತದೆ. ಒಬ್ಬ ಮನುಷ್ಯರ ದನಿಯೂ ಕೇಳಿರುವುದಿಲ್ಲ.

ಕಟ್ಟಾದ ಕರೆಯ ದುಡ್ಡು ವಾಪಸ್ ಬರುವುದಿಲ್ಲ. ಮತ್ತೆ ಟಾಪ್-ಅಪ್ ಹಾಕಿಸಬೇಕು, ಮತ್ತೆ ಅದೇ ಸಂಗೀತದಿಂದ ಶುರು ಮಾಡಬೇಕು. ಇದರಲ್ಲಿ ನನಗೂ ಒಂದಿಷ್ಟು ಪೈಸೆ ಕಮಿಷನ್ ಸಿಗುತ್ತದೆ. ಆ ಕಮಿಷನ್ ನನಗೆ ಬೇಡ.

ನಮ್ಮೂರಿನ ಒಂದು ಫಿಲೇಚರಿನಲ್ಲಿ ಕೆಲಸ ಮಾಡುವ ಒಬ್ಬ ಅಮ್ಮನ ವಿಷಯ ಹೇಳುತ್ತೇನೆ. ಎಟಿಎಂನಲ್ಲಿ ಎರಡು ಸಾವಿರ ತೆಗೆಯಲು ಹೋಗಿದ್ದರು. ದುಡ್ಡು ಹೊರಗೆ ಬರಲಿಲ್ಲ. ಖಾತೆಯಿಂದ ಕತ್ತರಿಸಿದ ಮೆಸೇಜ್ ಮಾತ್ರ ಬಂತು. ಇಂಥದ್ದಕ್ಕೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ನಿಯಮ ಮಾಡಿದೆ. ವ್ಯವಹಾರ ನಡೆದ ದಿನ ಬಿಟ್ಟು ಐದು ದಿನದೊಳಗೆ ಬ್ಯಾಂಕು ತಾನಾಗಿಯೇ ದುಡ್ಡು ವಾಪಸ್ ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಆ ಅಮ್ಮನಿಗೆ ಇದು ಗೊತ್ತಿರಲಿಲ್ಲ. ಕಾರ್ಡಿನ ಹಿಂದೆ ನಂಬರ್ ಇತ್ತು, ಅದಕ್ಕೆ ಕರೆ ಮಾಡಲು ಹೊರಟರು. ಬ್ಯಾಂಕು ಅವರಿಗೆ ದುಡ್ಡು ಕೊಡಬೇಕಿತ್ತು. ಅದನ್ನು ಕೇಳುವುದಕ್ಕೂ ಅವರೇ ದುಡ್ಡು ಹಾಕಿದರು. ಎರಡು ಟಾಪ್-ಅಪ್ ಮುಗಿದ ಮೇಲೆ "ಹೋಗ್ಲಿ ಬಿಡಣ್ಣ, ನಾಳೆ ಕೆಲಸಕ್ಕೆ ರಜೆ ಹಾಕಿ ಬ್ಯಾಂಕಿಗೇ ಹೋಗ್ತೀನಿ" ಎಂದರು. ರಜೆ ಹಾಕಿದರೆ ಆ ದಿನದ ಕೂಲಿ ಇಲ್ಲ.

ಆ ಕಾರ್ಡನ್ನು ನಾನು ತಿರುಗಿಸಿ ತಿರುಗಿಸಿ ನೋಡಿದೆ. ಟೋಲ್ ಫ್ರೀ ನಂಬರ್ ಅದರ ಮೇಲೆ ಇರಲಿಲ್ಲ. ಆ ಬ್ಯಾಂಕಿಗೆ ಟೋಲ್ ಫ್ರೀ ನಂಬರ್ ಇಲ್ಲವೇ? ಇದೆ. ಅವರ ವೆಬ್‌ಸೈಟಿನಲ್ಲಿ ಹುಡುಕಿದಾಗ ಒಂದು ಮೂಲೆಯಲ್ಲಿ ಸಿಕ್ಕಿತು. ಆ ನಂಬರಿಗೆ ಕರೆ ಮಾಡಿಸಿದೆ, ದೂರು ದಾಖಲಾಯಿತು.

ನಾನು ತುಂಬಾ ಯೋಚನೆ ಮಾಡಿದ್ದು ಈ ಜಾಗದಲ್ಲಿ. 2017ರ ಜುಲೈ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ: ಗ್ರಾಹಕರಿಗೆ ಗೊತ್ತಿಲ್ಲದೆ ಖಾತೆಯಿಂದ ದುಡ್ಡು ಹೋದರೆ ಅದನ್ನು ತಿಳಿಸಲು ಬ್ಯಾಂಕುಗಳು ದಿನದ 24 ಗಂಟೆಯೂ ಹಲವು ದಾರಿ ತೆರೆದಿಡಬೇಕು, ಅದರಲ್ಲಿ ಟೋಲ್ ಫ್ರೀ ಸಹಾಯವಾಣಿಯೂ ಇರಬೇಕು. ಹೊರಗಿನವರು ಮಾಡಿದ ಮೋಸವಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರ ಮೇಲೆ ನಷ್ಟದ ಹೊಣೆಯೇ ಇಲ್ಲ. ತಡವಾದಷ್ಟೂ ಗ್ರಾಹಕರ ಪಾಲಿನ ನಷ್ಟ ಜಾಸ್ತಿ. ಹಾಗಾಗಿ ಟೋಲ್ ಫ್ರೀ ನಂಬರನ್ನು ಬ್ಯಾಂಕುಗಳು ಇಟ್ಟಿರುತ್ತವೆ. ಆದರೆ ಕೆಲವು ಕಡೆ ಕಣ್ಣಿಗೆ ಕಾಣುವಲ್ಲಿ ಅಚ್ಚಾಗುವುದು 1860. ಉಚಿತ ನಂಬರು ಹುಡುಕಿದವರಿಗೆ ಮಾತ್ರ. ಹುಡುಕಲು ಬರದವರು ದುಡ್ಡು ಕೊಟ್ಟು ಮಾತಾಡಬೇಕು. ಓದು ಬರುವವರಿಗೆ ಉಚಿತ, ಬರದವರಿಗೆ ಶುಲ್ಕ ಎಂದಾಯಿತು, ಅಲ್ವಾ?

ಹುಡುಕುವುದರಲ್ಲಿ ಇನ್ನೊಂದು ಅಪಾಯವಿದೆ. ಬ್ಯಾಲೆನ್ಸ್ ಇಲ್ಲ ಎಂದಾಗ ಮನೆಯ ಹುಡುಗರು ಏನು ಮಾಡುತ್ತಾರೆ? ಬ್ಯಾಂಕಿನ ಹೆಸರು ಹಾಕಿ, ಕಸ್ಟಮರ್ ಕೇರ್ ನಂಬರ್ ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಾರೆ. ಹತ್ತಂಕಿಯ ಮೊಬೈಲ್ ನಂಬರ್ ಒಂದು ಸಿಗುತ್ತದೆ. ಅದಕ್ಕೆ ಪ್ಯಾಕಿನಲ್ಲೇ ಕರೆ ಹೋಗುತ್ತದೆ. ಒಂದೇ ರಿಂಗಿಗೆ ಎತ್ತುತ್ತಾರೆ. ಮರ್ಯಾದೆಯಿಂದ ಮಾತಾಡುತ್ತಾರೆ. ಒಂದು ಆ್ಯಪ್ ಹಾಕಿಕೊಳ್ಳಿ, ನಿಮ್ಮ ದುಡ್ಡು ವಾಪಸ್ ಕೊಡಿಸುತ್ತೇವೆ ಎನ್ನುತ್ತಾರೆ. ಆ ಆ್ಯಪ್ ಹಾಕಿಕೊಂಡರೆ ನಮ್ಮ ಸ್ಕ್ರೀನ್ ಅವರಿಗೆ ಕಾಣುತ್ತದೆ, ಒಟಿಪಿ ಸಮೇತ. ಹೀಗೆ ಕಳೆದುಕೊಂಡವರು ನಮ್ಮ ತಾಲ್ಲೂಕಿನಲ್ಲೂ ಇದ್ದಾರೆ. ಮೋಸಗಾರರು ಕೊಡುವ ನಂಬರು ಫ್ರೀ, ಅಸಲಿ ಬ್ಯಾಂಕಿನ ನಂಬರಿಗೆ ದುಡ್ಡು. ಇದು ಚಿಲ್ಲರೆ ಕಾಸಿನ ವಿಷಯ ಎಂದು ಯಾರಾದರೂ ಹೇಳಿದರೆ ನಾನು ತೋರಿಸುವುದು ಇದನ್ನೇ. ಏಳೂವರೆ ರೂಪಾಯಿ ಉಳಿಸಲು ಹೋಗಿ ವರ್ಷದ ಉಳಿತಾಯ ಹೋದ ಮನೆಗಳನ್ನು ನಾನು ನೋಡಿದ್ದೇನೆ.

ಬ್ಯಾಂಕು ಒಂದೇ ಅಲ್ಲ. ಫ್ರಿಜ್ ರಿಪೇರಿ, ಟಿವಿ ರಿಪೇರಿ, ಬೈಕ್ ಸಾಲದ ಕಂಪನಿ, ಕೊರಿಯರ್, ಆನ್‌ಲೈನಿನಲ್ಲಿ ಸಾಮಾನು ಮಾರುವವರು, ಎಲ್ಲ ಕಡೆ ಇದೇ ಕಥೆ. ಆನ್‌ಲೈನ್ ಮಾರಾಟಕ್ಕೆ 2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಗ್ರಾಹಕರ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು, ಅವರ ಹೆಸರು ಮತ್ತು ಸಂಪರ್ಕ ವಿವರ ಹಾಕಬೇಕು, ದೂರು ಬಂದಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಒಳ್ಳೆಯ ನಿಯಮ. ಆದರೆ ಆ ಫೋನ್ ನಂಬರು ಉಚಿತವಾಗಿರಬೇಕು ಎಂದು ಅದರಲ್ಲಿ ಸೇರಿಸಲಿಲ್ಲ.

ಇದನ್ನು ಸರಿಮಾಡಲು ಆಗುವುದಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ನೀವೇ ಮಾಡಿ ತೋರಿಸಿದ್ದೀರಿ. 2012ರ ನಿಮ್ಮ ನಿಯಮದ ಪ್ರಕಾರ ಪ್ರತಿ ಟೆಲಿಕಾಂ ಕಂಪನಿಯೂ ದೂರು ಕೇಂದ್ರ ಇಟ್ಟು, ಅದಕ್ಕೆ ಟೋಲ್ ಫ್ರೀ ನಂಬರ್ ಕೊಡಬೇಕು. ಇವತ್ತು ಸಿಮ್ ತೊಂದರೆಯಾದರೆ 198ಕ್ಕೆ ಕರೆ ಮಾಡಿ ದುಡ್ಡಿಲ್ಲದೆ ದೂರು ಕೊಡುತ್ತೇವೆ, ದೂರಿಗೆ ಒಂದು ಡಾಕೆಟ್ ನಂಬರೂ (ಆ ದೂರಿನ ಗುರುತಿನ ನಂಬರು) ಸಿಗುತ್ತದೆ. ಬೇಡದ ಜಾಹೀರಾತು ಕರೆ ನಿಲ್ಲಿಸಲು 1909 ಇದೆ, ಅದಕ್ಕೂ ಶುಲ್ಕವಿಲ್ಲ.

ಇನ್ನೊಂದು ಹಳೆಯ ಸಂಗತಿ ಅಂಗಡಿಯವರೆಲ್ಲರಿಗೂ ನೆನಪಿದೆ. 2013ಕ್ಕಿಂತ ಮೊದಲು ಜನ ಬಂದು, ಹಾಕಿದ ಬ್ಯಾಲೆನ್ಸ್ ರಾತ್ರೋರಾತ್ರಿ ಮಾಯ ಎನ್ನುತ್ತಿದ್ದರು. ನೋಡಿದರೆ ಕಾಲರ್ ಟ್ಯೂನ್, ಜಾತಕ, ಕ್ರಿಕೆಟ್ ಸ್ಕೋರ್ ಎಂದು ಯಾವುದೋ ಸೇವೆ ತಾನಾಗಿ ಶುರುವಾಗಿರುತ್ತಿತ್ತು. ನಿತ್ಯ ಜಗಳ. 2013ರಲ್ಲಿ ನೀವು ಆದೇಶ ಮಾಡಿದಿರಿ: ಇಂಥ ಸೇವೆ ಶುರು ಮಾಡುವ ಮೊದಲು ಗ್ರಾಹಕರಿಂದ ಎರಡು ಸಲ ಒಪ್ಪಿಗೆ ಪಡೆಯಬೇಕು, ನಿಲ್ಲಿಸಲು 155223 ಎಂಬ ಉಚಿತ ನಂಬರ್ ಇರಬೇಕು. ಆ ಆದೇಶದ ನಂತರ ನನ್ನ ಕೌಂಟರಿನಲ್ಲಿ ಆ ಜಗಳ ಹೆಚ್ಚು ಕಡಿಮೆ ನಿಂತೇ ಹೋಯಿತು. ದೆಹಲಿಯಲ್ಲಿ ಮಾಡಿದ ಒಂದು ಆದೇಶ ಶಿಡ್ಲಘಟ್ಟದ ಕೂಲಿಯವರ ಬ್ಯಾಲೆನ್ಸ್ ಉಳಿಸಿತು. ಅದಕ್ಕೇ ಈ ಪತ್ರವನ್ನು ಬೇರೆ ಯಾರಿಗೂ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ಖರ್ಚು ಯಾರು ಹೊರಬೇಕು ಎನ್ನುವ ಪ್ರಶ್ನೆ ಕಂಪನಿಗಳು ಎತ್ತಬಹುದು. ಹಿಂದೆ ಒಂದು ಮೊಬೈಲ್ ಕಂಪನಿಯಿಂದ ಇನ್ನೊಂದಕ್ಕೆ ಕರೆ ಹೋದರೆ ಮೊದಲ ಕಂಪನಿ ಎರಡನೆಯದಕ್ಕೆ ನಿಮಿಷಕ್ಕೆ 6 ಪೈಸೆ ಕೊಡಬೇಕಿತ್ತು. ಆ ಕಾರಣ ಹೇಳಿ ಸ್ವಲ್ಪ ಕಾಲ ಬೇರೆ ನೆಟ್‌ವರ್ಕಿಗೆ ಕರೆ ಮಾಡಲು ಜನ ನನ್ನ ಹತ್ತಿರವೇ ಟಾಪ್-ಅಪ್ ಹಾಕಿಸಿಕೊಂಡರು. 2021ರ ಜನವರಿ 1ರಿಂದ ಅದನ್ನು ನೀವು ಸೊನ್ನೆ ಮಾಡಿದಿರಿ. ಆ ಟಾಪ್-ಅಪ್‌ಗಳು ನಿಂತವು. 1860ಕ್ಕೆ ಏನಾದರೂ ಒಳಗಿನ ಲೆಕ್ಕ ಇದ್ದರೆ, ಅದನ್ನು ಆ ನಂಬರ್ ಬಾಡಿಗೆಗೆ ಪಡೆದ ಕಂಪನಿ ಮತ್ತು ಟೆಲಿಕಾಂ ಕಂಪನಿ ತಮ್ಮಲ್ಲೇ ಬಗೆಹರಿಸಿಕೊಳ್ಳಲಿ. ಕರೆಗಳನ್ನು ಒಂದೇ ನಂಬರಿನಿಂದ ಬೇರೆ ಬೇರೆ ಆಫೀಸಿಗೆ ಹಂಚಿಕೊಳ್ಳುವ ಅನುಕೂಲ ಸಿಗುವುದು ಅವರಿಗೆ. ಬಿಲ್ ನಮಗೆ ಯಾಕೆ?

ಬೇರೆ ದೇಶದವರೂ ಈ ಕಷ್ಟ ಪಟ್ಟಿದ್ದಾರೆ. ಬ್ರಿಟನ್ನಿನಲ್ಲಿ 0844, 0871 ಎಂದು ಶುರುವಾಗುವ ನಂಬರುಗಳಿಗೆ ಮೊಬೈಲಿನಿಂದ ಕರೆ ಮಾಡಿದರೆ ಭಾರಿ ದರ ಬೀಳುತ್ತಿತ್ತು. 2014ರ ಜೂನ್ 13ರಿಂದ ಅಲ್ಲಿ ಕಾನೂನು ಬದಲಾಯಿತು. ಈಗಾಗಲೇ ಸಾಮಾನು ಕೊಂಡ ಗ್ರಾಹಕರು ಆ ವಿಷಯಕ್ಕೆ ಕರೆ ಮಾಡಿದರೆ ಸಾಮಾನ್ಯ ಕರೆಯ ದರಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ. ಬ್ಯಾಂಕು, ಇನ್ಶೂರೆನ್ಸ್ ಕಂಪನಿಗಳಿಗೂ ಮುಂದಿನ ವರ್ಷ ಇಂಥದೇ ನಿಯಮ ಬಂತು. ಅಲ್ಲಿ 03ರಿಂದ ಶುರುವಾಗುವ ನಂಬರುಗಳಿವೆ. ಅವಕ್ಕೆ ಊರಿನ ಲ್ಯಾಂಡ್‌ಲೈನಿಗೆ ಮಾಡಿದಷ್ಟೇ ದರ, ಮೊಬೈಲ್ ಪ್ಯಾಕ್ ಇದ್ದರೆ ಅದರಲ್ಲೇ ಸೇರುತ್ತದೆ. 2015ರ ಜುಲೈ 1ರಿಂದ ಅಲ್ಲಿನ 0800 ನಂಬರುಗಳು ಮೊಬೈಲಿನಿಂದಲೂ ಉಚಿತವಾದವು. ಅದೇ ದಿನದಿಂದ ದುಬಾರಿ ನಂಬರ್ ಪ್ರಕಟಿಸುವ ಕಂಪನಿ ಅದರ ಪಕ್ಕದಲ್ಲೇ ನಿಮಿಷಕ್ಕೆ ತನ್ನ ಶುಲ್ಕ ಎಷ್ಟು ಎಂದು ಬರೆಯಬೇಕಾಯಿತು. ಯುರೋಪಿನ ನ್ಯಾಯಾಲಯವೂ 2017ರ ಮಾರ್ಚ್‌ನಲ್ಲಿ ಒಂದು ಜರ್ಮನ್ ಪ್ರಕರಣದಲ್ಲಿ, ಗ್ರಾಹಕ ಸೇವೆಯ ಕರೆಗೆ ಸಾಮಾನ್ಯ ಕರೆಗಿಂತ ಹೆಚ್ಚು ಖರ್ಚು ಬೀಳಬಾರದು ಎಂದು ತೀರ್ಪು ಕೊಟ್ಟಿದೆ. ನಾನು ಕೇಳುತ್ತಿರುವುದೂ ಇಷ್ಟೇ. ಸಾಮಾನ್ಯ ಕರೆ ಪ್ಯಾಕಿನಲ್ಲಿ ಸೇರಿದ್ದರೆ ಇದೂ ಸೇರಲಿ.

ನಮ್ಮ ದೇಶದಲ್ಲೇ ಒಳ್ಳೆಯ ಉದಾಹರಣೆಗಳಿವೆ. ಕಿಸಾನ್ ಕಾಲ್ ಸೆಂಟರ್ ನಂಬರ್ 1800 180 1551. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ರೈತರ ಪ್ರಶ್ನೆಗೆ ಉತ್ತರ ಸಿಗುತ್ತದೆ. ಬೆಳೆ ವಿಮೆ ಮಾಡಿಸಿದವರು ಆಲಿಕಲ್ಲು ಮಳೆಯಂಥದ್ದರಿಂದ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು. ಅದಕ್ಕೆ 14447 ಎಂಬ ಟೋಲ್ ಫ್ರೀ ನಂಬರ್ ಬಂದಿದೆ. ಇದೇ ರೈತ ಅದೇ ದಿನ ತನ್ನ ಪಂಪ್‌ಸೆಟ್ ಕಂಪನಿಗೆ ಕರೆ ಮಾಡಬೇಕಾದರೆ ಮಾತ್ರ ಟಾಪ್-ಅಪ್ ಬೇಕು. ಸರ್ಕಾರದಿಂದ ಆಗುವುದು ಲಾಭ ಮಾಡುವ ಕಂಪನಿಯಿಂದ ಆಗುವುದಿಲ್ಲವೇ?

ಇನ್ನು ನನ್ನ ಬೇಡಿಕೆಗಳು.

ಎಲ್ಲಕ್ಕಿಂತ ಮುಖ್ಯವಾದದ್ದು: ಅನ್‌ಲಿಮಿಟೆಡ್ ಎಂದು ಮಾರುವ ಪ್ರತಿ ಪ್ಯಾಕಿನಲ್ಲೂ 1860 ಕರೆ ಸೇರಲೇಬೇಕು ಎಂದು ಆದೇಶ ಮಾಡಿ. ಮೊಬೈಲ್ ದರಗಳನ್ನು ಬಹುತೇಕ ಕಂಪನಿಗಳಿಗೇ ಬಿಟ್ಟಿದ್ದೀರಿ ಎನ್ನುವುದು ನನಗೆ ಗೊತ್ತು. ಆದರೂ ದರದ ವಿಷಯದಲ್ಲಿ ಆದೇಶ ಮಾಡುವ ಅಧಿಕಾರವನ್ನು 1997ರ ಕಾಯ್ದೆ ನಿಮಗೆ ಕೊಟ್ಟಿದೆ. 2024ರ ಡಿಸೆಂಬರ್‌ನಲ್ಲಿ, ಇಂಟರ್‌ನೆಟ್ ಬೇಡದವರಿಗೆ ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಕೊಡಲೇಬೇಕು ಎಂದು ನಿಯಮ ತಂದಿರಿ. ಕೀಪ್ಯಾಡ್ ಫೋನಿನ ಅಜ್ಜಿಯರಿಗೆ ಅದರಿಂದ ಒಳ್ಳೆಯದಾಯಿತು. ಅದೇ ಅಜ್ಜಿಯರು ಪಿಂಚಣಿ ಖಾತೆಯ ಬಗ್ಗೆ ಕೇಳಲು ಕರೆ ಮಾಡುವುದು 1860ಕ್ಕೆ. ಅರ್ಧ ಮಾಡಿದ ಕೆಲಸವನ್ನು ದಯವಿಟ್ಟು ಪೂರ್ತಿ ಮಾಡಿ.

ಅದು ಆಗುವವರೆಗೆ, ಶುಲ್ಕ ಬೀಳುವ ನಂಬರಿಗೆ ಕರೆ ಮಾಡಿದ ಕೂಡಲೇ, ಲೈನ್ ಸೇರುವ ಮೊದಲು, "ಈ ಕರೆಗೆ ನಿಮಿಷಕ್ಕೆ ಇಷ್ಟು ದುಡ್ಡು" ಎಂದು ಗ್ರಾಹಕರ ಭಾಷೆಯಲ್ಲಿ ಹೇಳಿಸಿ. ಬೇಡವಾದವರು ಅಲ್ಲೇ ಇಡುತ್ತಾರೆ. ಈಗ ಸಿಗುವ ಉತ್ತರ ಬ್ಯಾಲೆನ್ಸ್ ಸಾಲದು ಎನ್ನುವುದು ಮಾತ್ರ. ಯಾಕೆ ಸಾಲದು, ಎಷ್ಟು ಬೇಕು ಎಂದು ಹೇಳುವುದಿಲ್ಲ. ಅದಕ್ಕೇ ಜನ ಪ್ಯಾಕ್ ಮುಗಿದಿದೆ ಎಂದುಕೊಂಡು ಇನ್ನೊಂದು ಪೂರ್ತಿ ಪ್ಯಾಕ್ ಹಾಕಿ ಎಂದು ಬರುತ್ತಾರೆ. ನಾನು ತಿಳಿಸಿ ಹೇಳಿ ಕಳಿಸುತ್ತೇನೆ. ಎಲ್ಲ ಅಂಗಡಿಯವರಿಗೂ ಅಷ್ಟು ಪುರುಸೊತ್ತು ಇರುವುದಿಲ್ಲ.

ಕ್ಯೂನಲ್ಲಿ ಕಾಯುವ ಹೊತ್ತಿಗೆ ದುಡ್ಡು ಕತ್ತರಿಸುವುದಂತೂ ಕೂಡಲೇ ನಿಲ್ಲಬೇಕು. ಮನುಷ್ಯರು ಫೋನ್ ಎತ್ತಿದ ಮೇಲೆ ಲೆಕ್ಕ ಶುರುವಾಗಲಿ. ಕಾಯಿಸುವುದು ಉಚಿತವಾದರೆ ಕಾಯಿಸುವವರಿಗೆ ಅವಸರವೇ ಇರುವುದಿಲ್ಲ ಎಂದು ಯಾರಾದರೂ ವಾದ ಮಾಡಬಹುದು. ಈಗ ನಮ್ಮ ದುಡ್ಡಿನಲ್ಲಿ ಕಾಯಿಸುತ್ತಿರುವಾಗ ಎಲ್ಲಿದೆ ಆ ಅವಸರ?

ಬ್ಯಾಂಕಿನಿಂದ ನಮಗೆ ಬರುವ ಕರೆಗೆ 1600ರಿಂದ ಶುರುವಾಗುವ ಬೇರೆ ನಂಬರುಗಳು ಬಂದಿವೆ. ಅಸಲಿ ಕರೆ ಯಾವುದು ಎಂದು ಜನರಿಗೆ ಗೊತ್ತಾಗಲಿ ಎನ್ನುವುದು ಅದರ ಉದ್ದೇಶ. ನಾವು ಬ್ಯಾಂಕಿಗೆ ಮಾಡುವ ಕರೆಗೂ ಇಂಥದೇ ಒಂದು ವ್ಯವಸ್ಥೆ ಬೇಕು. ಕಾರ್ಡು, ಪಾಸ್‌ಬುಕ್, ಪಾಲಿಸಿ, ವಾರಂಟಿ ಕಾಗದ, ಎಲ್ಲದರ ಮೇಲೂ ಟೋಲ್ ಫ್ರೀ ನಂಬರ್ ಮೊದಲು, ದಪ್ಪ ಅಕ್ಷರದಲ್ಲಿ ಇರಬೇಕು. ಇದು ನಿಮ್ಮೊಬ್ಬರ ಕೈಯಲ್ಲಿಲ್ಲ. ರಿಸರ್ವ್ ಬ್ಯಾಂಕ್, ವಿಮೆ ನಿಯಂತ್ರಣ ಪ್ರಾಧಿಕಾರ, ಗ್ರಾಹಕ ವ್ಯವಹಾರಗಳ ಇಲಾಖೆ ಎಲ್ಲರೂ ಕೂತು ಮಾಡಬೇಕಾದ ಕೆಲಸ. ಕೂರಿಸುವ ಕೆಲಸ ನೀವು ಶುರು ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಈ ಪತ್ರ ಓದುತ್ತಿರುವ ನಮ್ಮ ಜಿಲ್ಲೆಯ, ಪಕ್ಕದ ಕೋಲಾರ, ತುಮಕೂರಿನ ಜನರಿಗೂ ಎರಡು ಮಾತು ಹೇಳಿಬಿಡುತ್ತೇನೆ. ನಿಯಮ ಬದಲಾಗುವವರೆಗೆ ಸುಮ್ನೆ ದುಡ್ಡು ಕಳೆದುಕೊಳ್ಳುವುದು ಬೇಡ. 1860 ಕಂಡರೆ ಮೊದಲು ಅದೇ ಕಂಪನಿಯ 1800 ನಂಬರ್ ಇದೆಯೇ ನೋಡಿ. ಅವರ ಸ್ವಂತ ವೆಬ್‌ಸೈಟಿನಲ್ಲೇ ನೋಡಿ, ಹುಡುಕಿದಾಗ ಮೇಲೆ ಬರುವ ಯಾವುದೋ ಪುಟದಲ್ಲಲ್ಲ. ಎಷ್ಟೋ ಕಂಪನಿಗಳು ವಿದೇಶದಿಂದ ಕರೆ ಮಾಡುವವರಿಗೆ ಎಂದು +91 ಇಟ್ಟು ಮುಂಬೈ, ಚೆನ್ನೈ ಅಥವಾ ಬೆಂಗಳೂರಿನ ಒಂದು ಲ್ಯಾಂಡ್‌ಲೈನ್ ನಂಬರ್ ಕೊಟ್ಟಿರುತ್ತವೆ. ಅದು ಸಾಮಾನ್ಯ ನಂಬರು. ನಮ್ಮ ಅನ್‌ಲಿಮಿಟೆಡ್ ಪ್ಯಾಕಿನಲ್ಲೇ ಹೋಗುತ್ತದೆ. ನಾನು ಗಿರಾಕಿಗಳಿಗೆ ಇದನ್ನೇ ಬರೆದುಕೊಡುತ್ತೇನೆ. ನಿಮ್ಮ ಬ್ಯಾಂಕ್ ಶಾಖೆಯ ಲ್ಯಾಂಡ್‌ಲೈನ್ ನಂಬರನ್ನೂ ಪಾಸ್‌ಬುಕ್ಕಿನ ಮೇಲೆ ಬರೆಸಿಟ್ಟುಕೊಳ್ಳಿ. ಶಿಡ್ಲಘಟ್ಟಕ್ಕೆ 08158, ಚಿಂತಾಮಣಿಗೆ 08154, ಚಿಕ್ಕಬಳ್ಳಾಪುರಕ್ಕೆ 08156, ಕೋಲಾರಕ್ಕೆ 08152, ತುಮಕೂರಿಗೆ 0816. ಈ ಕೋಡ್ ಸೇರಿಸಿ ಮಾಡಿದರೆ ಪ್ಯಾಕಿನಲ್ಲೇ ಮಾತಾಡಬಹುದು.

ಕಂಪನಿ ಮಾತು ಕೇಳದಿದ್ದರೆ ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ 1915 ಇದೆ. ಟೋಲ್ ಫ್ರೀ, ಕನ್ನಡದಲ್ಲೂ ಮಾತಾಡುತ್ತಾರೆ. ಬ್ಯಾಂಕಿನ ದೂರಿಗೆ ಮೊದಲು ಬ್ಯಾಂಕಿಗೇ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಹೋಗಬಹುದು, ಮಾಹಿತಿಗೆ 14448. ಇನ್ಶೂರೆನ್ಸ್ ವಿಷಯಕ್ಕೆ 155255. ಮೋಸವಾಗಿ ದುಡ್ಡು ಹೋಗಿದ್ದರೆ ಮಾತ್ರ ಒಂದು ನಿಮಿಷವೂ ಕಾಯಬೇಡಿ, ಕೂಡಲೇ 1930ಕ್ಕೆ ಕರೆ ಮಾಡಿ.

ಅಧ್ಯಕ್ಷರೇ, ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇದೆ. ಊರೂರಿಗೆ ಹೋಗಿ ಗ್ರಾಹಕರಿಗೆ ತಿಳಿವಳಿಕೆ ಕೊಡುವ ಕಾರ್ಯಕ್ರಮಗಳನ್ನೂ ನೀವು ನಡೆಸುತ್ತೀರಿ. ಒಂದು ಸಲ ಶಿಡ್ಲಘಟ್ಟಕ್ಕೆ ಬನ್ನಿ. ಹಾಲ್ ಬುಕ್ ಮಾಡುವುದು ಬೇಡ, ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಗೇ ಬನ್ನಿ. ಗೂಡಿನ ಹರಾಜು ಮುಗಿಯುತ್ತಿದ್ದ ಹಾಗೆ ರೈತರೂ ರೀಲರ್‌ಗಳೂ ಒಂದೇ ಕಡೆ ಸಿಗುತ್ತಾರೆ. ಫಿಲೇಚರ್ ಹೆಂಗಸರಿಗೆ ಸಂಜೆ ಕೆಲಸ ಬಿಟ್ಟ ಮೇಲೆ ಪುರುಸೊತ್ತು. ಕನ್ನಡ, ತೆಲುಗು, ಉರ್ದು ಮಾತಾಡುವವರು ನಿಮ್ಮ ತಂಡದಲ್ಲಿರಲಿ. ಟೆಲಿಕಾಂ ಕಂಪನಿಗಳ ಅಧಿಕಾರಿಗಳನ್ನೂ ಕರೆದುಕೊಂಡು ಬನ್ನಿ, ಅವರ ಎದುರಿಗೇ ಒಂದು ಫೋನಿನಿಂದ 1860 ನಂಬರಿಗೆ ಕರೆ ಮಾಡಿ ನೋಡೋಣ. ಜನರನ್ನು ಸೇರಿಸುವ ಜವಾಬ್ದಾರಿ ನನ್ನದು. ದಿನ ಯಾವುದು ಎಂದು ಒಂದು ವಾರ ಮೊದಲು ತಿಳಿಸಿದರೆ ಸಾಕು.

ಇಂತಿ ನಿಮ್ಮ ವಿಶ್ವಾಸಿ,
ಮೊಬೈಲ್ ರೀಚಾರ್ಜ್ ಅಂಗಡಿಯವನು,
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ.

ಪ್ರತಿಗಳು:
ಭಾರತೀಯ ರಿಸರ್ವ್ ಬ್ಯಾಂಕ್, ಬೆಂಗಳೂರು ಕಚೇರಿ
ಗ್ರಾಹಕ ವ್ಯವಹಾರಗಳ ಇಲಾಖೆ, ನವದೆಹಲಿ
ಜಿಲ್ಲಾಧಿಕಾರಿಗಳು, ಚಿಕ್ಕಬಳ್ಳಾಪುರ